ಫಾರ್ಮ್ ಬಿ ವಾಪಸ್: 60 ರ‍್ಯಾಟ್ ಯಾಕೆ ಬೇಕು ಅಂತ ಐಎಇಸಿಗೆ ಹೇಗೆ ಲೆಕ್ಕ ಕೊಡೋದು?

ಎಂಫಾರ್ಮ್_ಸೆಕೆಂಡ್‌ಇಯರ್
ಎಲ್ಲರಿಗೂ ನಮಸ್ಕಾರ. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೇಳೋ ನನ್ನ ಅರ್ಜಿ (ಫಾರ್ಮ್ ಬಿ) ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯಿಂದ (ಐಎಇಸಿ) ವಾಪಸ್ ಬಂದಿದೆ. ಗಿಡಮೂಲಿಕೆ ಸಾರ ಒಂದರ ಮೇಲೆ ಮಧುಮೇಹದ ಪ್ರಯೋಗ. ಗಂಡು ವಿಸ್ಟರ್ ರ‍್ಯಾಟ್, ಸ್ಟ್ರೆಪ್ಟೊಜೊಟೊಸಿನ್ (ಎಸ್‌ಟಿಜಡ್) ಜೊತೆ ನಿಕೋಟಿನಮೈಡ್ ಮಾಡೆಲ್ (ಎಸ್‌ಟಿಜಡ್ ಇನ್ಸುಲಿನ್ ಮಾಡೋ ಬೀಟಾ ಕೋಶ ಕೊಂದು ಮಧುಮೇಹ ತರುತ್ತೆ, ನಿಕೋಟಿನಮೈಡ್ ಆ ಹಾನಿಯನ್ನು ಸ್ವಲ್ಪ ತಡೆಯುತ್ತೆ), 28 ದಿನದ ಚಿಕಿತ್ಸೆ. ಗುಂಪು ಆರು: ನಾರ್ಮಲ್ ಕಂಟ್ರೋಲ್, ಡಯಾಬಿಟಿಕ್ ಕಂಟ್ರೋಲ್, ಗ್ಲಿಬೆನ್‌ಕ್ಲಮೈಡ್ (ಬಳಕೆಯಲ್ಲಿರೋ ಮಧುಮೇಹದ ಔಷಧ), ಸಾರದ 100, 200, 400 ಮಿಗ್ರಾಂ/ಕೆಜಿ. ಗುಂಪಿಗೆ 8ರಂತೆ 48, ಅಕ್ಯೂಟ್ ಟಾಕ್ಸಿಸಿಟಿಗೆ (ಒಂದೇ ಡೋಸ್ ಕೊಟ್ಟು ಸಾರ ವಿಷವಾ ಅಂತ ನೋಡೋಕೆ) 12, ಒಟ್ಟು 60. ಐಎಇಸಿ "ಸಂಖ್ಯೆಗೆ ಸಮರ್ಥನೆ ಕೊಡಿ, ಕಡಿಮೆ ಮಾಡಲು ಸಾಧ್ಯವೇ ನೋಡಿ" ಅಂತ ಬರೆದಿದೆ. ಗುಂಪಿಗೆ 6 ಅಂತ ತಿದ್ದಿ ಕೊಟ್ಟರೆ ಸಾಕಾ? ಹಳೇ ಥೀಸಿಸ್‌ಗಳಲ್ಲೆಲ್ಲ 6 ಇದೆ.

ಅಂಕಿಸಂಖ್ಯೆ
"ಎಲ್ಲರೂ 6 ಹಾಕಿದ್ದಾರೆ" ಅನ್ನೋದು ಸಮರ್ಥನೆ ಅಲ್ಲ, ಅದನ್ನು ಬರೆದರೆ ಮತ್ತೆ ವಾಪಸ್ ಬರುತ್ತೆ. ಮೂರು ಸಂಖ್ಯೆ ಬೇಕು: ಯಾವ ಅಳತೆ ಮುಖ್ಯ (28ನೇ ದಿನದ ಫಾಸ್ಟಿಂಗ್ ಗ್ಲೂಕೋಸ್ ಅಂದುಕೊಳ್ಳೋಣ), ಅದರ ಎಸ್‌ಡಿ (ಪ್ರಾಣಿಯಿಂದ ಪ್ರಾಣಿಗೆ ಇರೋ ಏರುಪೇರು) ಎಷ್ಟು, ಎಷ್ಟು ವ್ಯತ್ಯಾಸ ಬಂದರೆ ಅರ್ಥವಿದೆ.

ಮೊದಲನೇ ಎಡವಟ್ಟು ಇಲ್ಲೇ ಆಗೋದು. ಪೇಪರ್‌ಗಳಲ್ಲಿ ಹೆಚ್ಚಾಗಿ ಸರಾಸರಿ ± ಎಸ್‌ಇಎಂ (ಎಸ್‌ಡಿಯನ್ನು ಗುಂಪಿನ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದ್ದು) ಇರುತ್ತೆ. ಅದನ್ನೇ ಎಸ್‌ಡಿ ಅಂತ ಜಿ-ಪವರ್‌ಗೆ (ಗುಂಪಿನ ಗಾತ್ರ ಲೆಕ್ಕ ಹಾಕೋ ಸಾಫ್ಟ್‌ವೇರ್) ಹಾಕಿದರೆ ಗುಂಪಿಗೆ 3 ಸಾಕು ಅನ್ನುತ್ತೆ, ಎಲ್ಲರಿಗೂ ಖುಷಿ, ಪ್ರಯೋಗ ಮಾತ್ರ ನೆಲಕಚ್ಚುತ್ತೆ. ಎಸ್‌ಇಎಂ 18, ಗುಂಪಿಗೆ 6 ಇದ್ದರೆ ಎಸ್‌ಡಿ = 18 × √6 = 44.

ಡಯಾಬಿಟಿಕ್ ಕಂಟ್ರೋಲ್ 320 ಮಿಗ್ರಾಂ/ಡಿಎಲ್, ಸಾರದಿಂದ ಕನಿಷ್ಠ 80 ಇಳಿಯಬೇಕು ಅಂತಿಟ್ಟುಕೊಳ್ಳಿ. 80 ÷ 44 = 1.82. 80% ಪವರ್ (ನಿಜವಾದ ವ್ಯತ್ಯಾಸ ಹಿಡಿಯೋ ಸಾಧ್ಯತೆ), 5% ಮಟ್ಟಕ್ಕೆ (ಇಲ್ಲದ ವ್ಯತ್ಯಾಸ ಇದೆ ಅನ್ನೋ ಸಾಧ್ಯತೆ) ಕೈಲೆಕ್ಕ: 16ನ್ನು ಆ 1.82ರ ವರ್ಗದಿಂದ ಭಾಗಿಸಿ, 1 ಕೂಡಿಸಿ. 16 ÷ 3.3 = 4.8, ಅಂದರೆ ಗುಂಪಿಗೆ 6.

ಆದರೆ ನೀವು ಒಂದೇ ಹೋಲಿಕೆ ಮಾಡ್ತಿಲ್ಲ. ಡಯಾಬಿಟಿಕ್ ಕಂಟ್ರೋಲ್ ಜೊತೆ ನಾಲ್ಕು ಗುಂಪು ಹೋಲಿಸ್ತೀರಿ. ಬಾನ್‌ಫೆರೋನಿ ತಿದ್ದುಪಡಿ ಪ್ರಕಾರ (ಹೋಲಿಕೆ ಹೆಚ್ಚಿದಾಗ ಸುಳ್ಳು ಫಲಿತಾಂಶ ಹೆಚ್ಚದ ಹಾಗೆ) 5% ಅನ್ನು ನಾಲ್ಕಾಗಿ ಒಡೆದರೆ 16ರ ಜಾಗಕ್ಕೆ 22.3 ಬರುತ್ತೆ, ಗುಂಪಿಗೆ 8 ಆಗುತ್ತೆ. ಅಂದರೆ ನಿಮ್ಮ 8 ತಪ್ಪಲ್ಲ, ಅದಕ್ಕೆ ಲೆಕ್ಕ ಕೊಡದೇ ಇದ್ದದ್ದು ತಪ್ಪು. ಇನ್ನು ಅದನ್ನು ಇಳಿಸೋದು ಹೇಗೆ:

ಒಂದು, ಚಿಕಿತ್ಸೆ ಶುರುವಾಗುವ ಮೊದಲಿನ ಗ್ಲೂಕೋಸ್ ಅನ್ನು ಕೋವೇರಿಯೇಟ್ ಆಗಿ ಹಾಕಿ ಆನ್‌ಕೋವಾ (ಮೊದಲೇ ಇದ್ದ ವ್ಯತ್ಯಾಸವನ್ನು ಲೆಕ್ಕದಿಂದ ಕಳೆಯೋ ವಿಶ್ಲೇಷಣೆ) ಮಾಡಿ. ಮೊದಲಿನ ಮತ್ತು ಕೊನೆಯ ಅಳತೆಯ ನಡುವೆ ಸಹಸಂಬಂಧ 0.6 ಇದ್ದರೆ ವೇರಿಯನ್ಸ್ (ಎಸ್‌ಡಿಯ ವರ್ಗ) 1 − 0.36 = 0.64 ಪಟ್ಟಿಗೆ ಇಳಿಯುತ್ತೆ. 8 ಇದ್ದದ್ದು 6 ಆಗುತ್ತೆ. ಆ ಅಳತೆ ನೀವು ಹೇಗೂ ತೆಗೆದುಕೊಳ್ತೀರಿ, ಖರ್ಚಿಲ್ಲ.

ಎರಡು, ಎಲ್ಲ ಗುಂಪೂ ಸಮ ಇರಬೇಕು ಅಂತ ಎಲ್ಲೂ ಇಲ್ಲ. ನಾಲ್ಕು ಗುಂಪನ್ನು ಒಂದೇ ಕಂಟ್ರೋಲ್‌ಗೆ ಹೋಲಿಸುವಾಗ ಕಂಟ್ರೋಲ್ ದೊಡ್ಡದಿರಬೇಕು, ಹೆಚ್ಚೂಕಡಿಮೆ √4 = 2 ಪಟ್ಟು. ಐದು ಗುಂಪಿಗೆ 6ರಂತೆ 30ರ ಬದಲು ಕಂಟ್ರೋಲ್ 8, ಉಳಿದವು 5ರಂತೆ 20, ಒಟ್ಟು 28. ನಿಖರತೆ ಕಡಿಮೆ ಆಗಲ್ಲ: 1/6 + 1/6 = 0.333, ಇಲ್ಲಿ 1/8 + 1/5 = 0.325.

ಮೂರು, ನಾರ್ಮಲ್ ಕಂಟ್ರೋಲ್ ಇರೋದು ಮಧುಮೇಹ ಬಂತಾ ಇಲ್ಲವಾ ಅಂತ ನೋಡೋಕೆ ಮಾತ್ರ. 90ಕ್ಕೂ 320ಕ್ಕೂ ಇರೋ ವ್ಯತ್ಯಾಸ ಕಾಣಲು 8 ಯಾಕೆ? 4 ಸಾಕು.

ಒಟ್ಟು 32. ನಿಮ್ಮ 48ರಿಂದ 16 ಹೋಯ್ತು, ಪ್ರಯೋಗದ ಕಸುವು ಹೋಗಲಿಲ್ಲ.

ಮಲೆನಾಡ_ಫಾರ್ಮಕಾಲಜಿ
ಇಷ್ಟೆಲ್ಲ ಯಾಕೆ ಸರ್. ರಿಸೋರ್ಸ್ ಈಕ್ವೇಶನ್ ಹಾಕಿದರೆ ಮುಗೀತು. ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆದರೆ 10ರಿಂದ 20ರ ನಡುವೆ ಬರಬೇಕು. ಆರು ಗುಂಪಿಗೆ 16ರಿಂದ 26. ಗುಂಪಿಗೆ 4 ಹಾಕಿದರೆ 24, ಐಎಇಸಿ ಸುಮ್ಮನೆ ಸಹಿ ಮಾಡುತ್ತೆ.

ಅಂಕಿಸಂಖ್ಯೆ
ಸಹಿ ಬೀಳುತ್ತೆ, ಉತ್ತರ ಬರಲ್ಲ. ಎಸ್‌ಡಿ ಎಲ್ಲೂ ಸಿಗದೇ ಇದ್ದಾಗ, ಹೊಸ ಮಾಡೆಲ್ ಆದಾಗ ಆ ಸೂತ್ರ ಸರಿ. ಅದಕ್ಕೆ ಪವರ್ ಅನ್ನೋದೇ ಗೊತ್ತಿಲ್ಲ. ಎಸ್‌ಡಿ 44 ಇದ್ದು ಗುಂಪಿಗೆ 4 ಹಾಕಿದರೆ, ಎರಡೇ ಗುಂಪು ಹೋಲಿಸಿದರೂ 80% ಪವರ್‌ನಲ್ಲಿ ಹಿಡಿಯಬಲ್ಲ ವ್ಯತ್ಯಾಸ ಸುಮಾರು 105. ನಿಮಗೆ ಬೇಕಿದ್ದದ್ದು 80. ಆಮೇಲೆ "ಪರಿಣಾಮ ಕಂಡರೂ ಸಾಂಖ್ಯಿಕವಾಗಿ ಗಮನಾರ್ಹವಲ್ಲ" ಅಂತ ಥೀಸಿಸ್‌ನಲ್ಲಿ ಬರೆದು, ಮುಂದಿನ ವರ್ಷ ಇನ್ನೊಬ್ಬರು ಅದೇ ಸಾರಕ್ಕೆ ಮತ್ತೆ 24 ಬಳಸ್ತಾರೆ. 32ಕ್ಕಿಂತ 24 ಕಡಿಮೆ, ಎರಡು ಸಲ ಸೇರಿ ಆಗೋ 48 ಜಾಸ್ತಿ.

ಮಲೆನಾಡ_ಫಾರ್ಮಕಾಲಜಿ
ಎಸ್‌ಡಿ ಗೊತ್ತಿದ್ದರೆ ಒಪ್ಪಿದೆ. ಆದರೆ ಕೋವೇರಿಯೇಟ್, ಅಸಮ ಗುಂಪು ಎಲ್ಲ ನೋಡಿ ಸದಸ್ಯರು ಹುಬ್ಬು ಗಂಟು ಹಾಕ್ತಾರೆ. ಲೆಕ್ಕದ ಪುಟ ಲಗತ್ತಿಸಿ. ಬ್ರಿಟನ್ನಿನ ಎನ್‌ಸಿ3ಆರ್‌ಎಸ್ (ಪ್ರಾಣಿ ಬಳಕೆ ಕಡಿಮೆ ಮಾಡೋಕೆ ಇರೋ ಸಂಸ್ಥೆ) ಉಚಿತವಾಗಿ ಕೊಡೋ 'ಎಕ್ಸ್‌ಪೆರಿಮೆಂಟಲ್ ಡಿಸೈನ್ ಅಸಿಸ್ಟೆಂಟ್'ನಲ್ಲಿ ವಿನ್ಯಾಸದ ಚಿತ್ರ ಬಿಡಿಸಿ ಪ್ರಿಂಟ್ ಇಟ್ಟರೆ ಅರ್ಧ ಪ್ರಶ್ನೆ ಅಲ್ಲೇ ನಿಲ್ಲುತ್ತೆ.

ದನಡಾಕ್ಟ್ರು
ಅನಿಮಲ್ ಹೌಸ್ ಕಡೆಯಿಂದ ಒಂದು ಮಾತು. ನೀವಿಬ್ಬರೂ 24, 32 ಅಂತ ಜಗಳ ಮಾಡ್ತಿರೋದು ಕೊನೆಗೆ ಟೇಬಲ್ಲಿಗೆ ಬರೋ ರ‍್ಯಾಟ್‌ಗಳ ಬಗ್ಗೆ. ಈ ಮಾಡೆಲ್‌ನಲ್ಲಿ ಪ್ರಾಣಿ ಹಾಳಾಗೋದು ಅಲ್ಲಲ್ಲ, ಎಸ್‌ಟಿಜಡ್ ಕೊಡೋ ದಿನ.

ಮಧುಮೇಹ ಬಂದ 28 ರ‍್ಯಾಟ್ ಬೇಕು. ಉದಾಹರಣೆಗೆ 80% ರ‍್ಯಾಟ್‌ಗೆ ಮಧುಮೇಹ ಬಂದು, ಅದರಲ್ಲಿ 90% ಉಳಿದರೆ, 28 ÷ 0.72, ಅಂದರೆ 39ಕ್ಕೆ ಚುಚ್ಚಬೇಕು. 90% ಬಂದು 97% ಉಳಿದರೆ 33 ಸಾಕು. ಆರು ರ‍್ಯಾಟ್ ವ್ಯತ್ಯಾಸ, ಅಂಕಿಸಂಖ್ಯೆಯವರು ಅಸಮ ಗುಂಪಿನಿಂದ ಉಳಿಸಿದ್ದು ಎರಡು.

ಎಲ್ಲೆಲ್ಲಿ ಕೆಡುತ್ತೆ ಅಂತ ಹೇಳ್ತೀನಿ. ಎಸ್‌ಟಿಜಡ್ ಪುಡಿ −20 ಡಿಗ್ರಿಯಲ್ಲಿ, ತೇವ ತಾಗದ ಹಾಗೆ ಇರಬೇಕು. 0.1 ಮೋಲಾರ್ ಸಿಟ್ರೇಟ್ ಬಫರ್, ಪಿಎಚ್ 4.5. ಪಿಎಚ್ ಅನ್ನು ಪಟ್ಟಿಯಲ್ಲಲ್ಲ, ಮೀಟರ್‌ನಲ್ಲೇ ನೋಡಿ. ಕರಗಿದ ಮೇಲೆ ಬೇಗ ಒಡೆದುಹೋಗುತ್ತೆ, 15 ನಿಮಿಷದೊಳಗೆ ಚುಚ್ಚಿ ಮುಗಿಸಬೇಕು. 33 ರ‍್ಯಾಟ್‌ಗೂ ಒಂದೇ ಬಾಟಲಿ ಕಲಸಿಟ್ಟರೆ ಮೊದಲ ಹತ್ತಕ್ಕೆ ಮಧುಮೇಹ, ಕೊನೇ ಹತ್ತಕ್ಕೆ ಬರೀ ಬಫರ್. ಪುಡಿಯನ್ನು ಮೊದಲೇ ತೂಗಿ ನಾಲ್ಕೈದು ವಯಲ್‌ನಲ್ಲಿಟ್ಟು, ಫಾಯಿಲ್ ಸುತ್ತಿ, ಐಸ್ ಮೇಲೆ ಇಟ್ಟುಕೊಂಡು, ಒಂದೊಂದನ್ನೇ ಕರಗಿಸಿ 7–8 ರ‍್ಯಾಟ್‌ಗೆ ಬಳಸಿ.

ನಿಕೋಟಿನಮೈಡ್ 110 ಮಿಗ್ರಾಂ/ಕೆಜಿ ಸಲೈನ್‌ನಲ್ಲಿ, 15 ನಿಮಿಷ ಮೊದಲು. ಆಮೇಲೆ ಎಸ್‌ಟಿಜಡ್ 60 ಮಿಗ್ರಾಂ/ಕೆಜಿ. ಪ್ರತಿ ರ‍್ಯಾಟ್‌ಗೂ ಗಡಿಯಾರ ನೋಡಬೇಕು. ಈ ಅಂತರ ಒಂದಕ್ಕೆ 10, ಇನ್ನೊಂದಕ್ಕೆ 40 ನಿಮಿಷ ಆದರೆ ಗ್ಲೂಕೋಸ್ ಚೆಲ್ಲಾಪಿಲ್ಲಿ ಆಗುತ್ತೆ, ಎಸ್‌ಡಿ ಏರುತ್ತೆ, ಮೇಲಿನ ಲೆಕ್ಕ ಎಲ್ಲ ಬುಡಮೇಲು. ತೂಕ ಅವತ್ತಿನದೇ ಇರಬೇಕು, ಹಿಂದಿನ ವಾರದ್ದಲ್ಲ. ಹೊಟ್ಟೆಗೆ ಚುಚ್ಚುವಾಗ ರ‍್ಯಾಟ್‌ನ ಬಲಗಡೆ ಕೆಳಭಾಗ, ಎಡಗಡೆ ಸೀಕಮ್ (ದೊಡ್ಡ ಕರುಳಿನ ಚೀಲ) ಇರುತ್ತೆ. ಕರುಳೊಳಗೆ ಹೋದ ಡೋಸ್ ಮಧುಮೇಹ ತರಲ್ಲ, ಆಮೇಲೆ "ಇಂಡಕ್ಷನ್ ಫೇಲ್" (ಮಧುಮೇಹ ಬರಲಿಲ್ಲ) ಅಂತ ಬರೆಯೋದು.

ಸಾವು ಹೆಚ್ಚಾಗೋದು ಮೊದಲ 24 ಗಂಟೆಯಲ್ಲಿ, ಸಕ್ಕರೆ ಏರಿ ಅಲ್ಲ, ಇಳಿದು. ಬೀಟಾ ಕೋಶ ಸಾಯುವಾಗ ಇದ್ದ ಇನ್ಸುಲಿನ್ ಎಲ್ಲ ಒಮ್ಮೆಗೇ ಹೊರಗೆ ಬರುತ್ತೆ. ಅದಕ್ಕೆ ಆ ರಾತ್ರಿ ಕುಡಿಯೋ ಬಾಟಲಿಯಲ್ಲಿ 5–10% ಗ್ಲೂಕೋಸ್ ಇಡಿ, ಆಹಾರ ವಾಪಸ್ ಕೊಡಿ. ಉಪವಾಸ ಹಾಕಿದ್ದು ಮರೆತು ಮನೆಗೆ ಹೋದರೆ ಬೆಳಿಗ್ಗೆ ಕೇಜ್ ಖಾಲಿ ಮಾಡಬೇಕಾಗುತ್ತೆ.

ಅದು ದಾಟಿದ ಮೇಲೆ ಮೂತ್ರ. ಮಧುಮೇಹದ ರ‍್ಯಾಟ್ ಕೇಜ್ ದಿನಾ ಒದ್ದೆ. ವಾರಕ್ಕೆ ಎರಡು ಸಲ ಹಾಸು ಬದಲಿಸೋ ಅಭ್ಯಾಸ ಇಲ್ಲಿ ನಡೆಯಲ್ಲ, ದಿನಾ ಬದಲಿಸಿ. ಇಲ್ಲದಿದ್ದರೆ ಅಮೋನಿಯಾ, ಪಾದದ ಹುಣ್ಣು, ಸೋಂಕು. ಮೂರನೇ ವಾರದಲ್ಲಿ ಒಂದೊಂದೇ ಕಳೆದುಕೊಳ್ತೀರಿ. ಅಟೆಂಡರ್‌ಗೆ ಇದನ್ನು ಮೊದಲೇ ಹೇಳಿ, ಹಾಸಿನ ಇಂಡೆಂಟ್ (ಬೇಡಿಕೆ ಚೀಟಿ) ಜಾಸ್ತಿ ಹಾಕಿ.

72 ಗಂಟೆಗೆ ಬಾಲದ ತುದಿಯಿಂದ ಗ್ಲೂಕೋಸ್. 250ಕ್ಕಿಂತ ಕಡಿಮೆ ಇದ್ದದ್ದು ಹೊರಗೆ, ತೂಕ 20% ಇಳಿದದ್ದಕ್ಕೆ ಮಾನವೀಯ ಅಂತ್ಯ (ನರಳದ ಹಾಗೆ ಕೊನೆಗೊಳಿಸೋದು). ಈ ಎರಡೂ ಗೆರೆ ಫಾರ್ಮ್ ಬಿಯಲ್ಲೇ ಇರಬೇಕು. ಫಲಿತಾಂಶ ನೋಡಿ ಆಮೇಲೆ ಗೆರೆ ಎಳೆಯೋದು ಬೇಡ.

ಅಂಕಿಸಂಖ್ಯೆ
ದನಡಾಕ್ಟ್ರು ಹೇಳಿದ್ದಕ್ಕೆ ತಲೆಬಾಗಿದೆ. ಒಂದು ಸೇರಿಸ್ತೀನಿ: ಗುಂಪು ಹಂಚೋದು 72 ಗಂಟೆಯ ಅಳತೆ ಆದಮೇಲೆ. ಮೊದಲೇ ಹಂಚಿ ಆಮೇಲೆ ಚುಚ್ಚಿದರೆ ಒಂದು ಗುಂಪಲ್ಲಿ 8, ಇನ್ನೊಂದರಲ್ಲಿ 3 ಉಳಿಯುತ್ತೆ. 28ನ್ನು ಗ್ಲೂಕೋಸ್ ಪ್ರಕಾರ ಸಾಲಾಗಿ ನಿಲ್ಲಿಸಿ ಐದು ತುಂಡು ಮಾಡಿ: 6, 6, 6, 5, 5. ಮೊದಲ ಮೂರು ತುಂಡಿನಲ್ಲಿ ಕಂಟ್ರೋಲ್‌ಗೆ 2, ಉಳಿದ ಗುಂಪುಗಳಿಗೆ 1. ಕೊನೆಯ ಎರಡರಲ್ಲಿ ಎಲ್ಲಕ್ಕೂ 1. ಕಂಟ್ರೋಲ್ 8, ಉಳಿದವು 5 ಸರಿಯಾಗಿ ಬರುತ್ತೆ. ತುಂಡಿನೊಳಗೆ ಯಾರು ಯಾವುದಕ್ಕೆ ಅನ್ನೋದು ಎಕ್ಸೆಲ್‌ನ ರ‍್ಯಾಂಡಮ್ ಸಂಖ್ಯೆ ತೀರ್ಮಾನಿಸಲಿ, ಕೇಜ್‌ಗೆ ಕೈಹಾಕಿ ಮೊದಲು ಸಿಕ್ಕಿದ್ದು ಗುಂಪು ಒಂದಕ್ಕೆ ಅನ್ನೋದು ರ‍್ಯಾಂಡಮ್ ಅಲ್ಲ; ಮೊದಲು ಸಿಗೋದು ಸುಸ್ತಾದ ರ‍್ಯಾಟೇ.

ಸಾರವನ್ನು ಗವಾಜ್‌ನಲ್ಲಿ (ಬಾಯಿಯಿಂದ ನೇರ ಜಠರಕ್ಕೆ ಸೂಜಿ ಇಳಿಸಿ) ಕೊಟ್ಟರೆ ಒಂದೊಂದು ರ‍್ಯಾಟೂ ಒಂದು ಲೆಕ್ಕ. ಕುಡಿಯೋ ನೀರಲ್ಲಿ ಕಲಸಿ ಕೊಟ್ಟರೆ ಲೆಕ್ಕಕ್ಕೆ ಬರೋದು ಕೇಜ್, 8 ರ‍್ಯಾಟ್ ಎರಡು ಕೇಜ್‌ನಲ್ಲಿದ್ದರೆ ನಿಮ್ಮ ಸಂಖ್ಯೆ 2.

ಟಾಕ್ಸ್_ಲ್ಯಾಬ್
ಅಕ್ಯೂಟ್ ಟಾಕ್ಸಿಸಿಟಿಯ 12 ಯಾಕೆ? ಆ ಗಿಡದ ಅದೇ ಭಾಗದ, ಅದೇ ದ್ರಾವಕದ ಸಾರಕ್ಕೆ ದತ್ತಾಂಶ ಪ್ರಕಟವಾಗಿದ್ದರೆ ಮತ್ತೆ ಮಾಡೋದೇ ಬೇಡ, ಉಲ್ಲೇಖ ಕೊಟ್ಟರೆ ಮುಗೀತು. ಇಲ್ಲದಿದ್ದರೆ ಒಇಸಿಡಿಯ ಪರೀಕ್ಷಾ ಮಾರ್ಗಸೂಚಿ 423ರ ಲಿಮಿಟ್ ಟೆಸ್ಟ್ (ಒಂದೇ ದೊಡ್ಡ ಡೋಸ್ ಕೊಟ್ಟು ನೋಡೋದು): 2000 ಮಿಗ್ರಾಂ/ಕೆಜಿ, 3 ಹೆಣ್ಣು, ಸಾವಿಲ್ಲದಿದ್ದರೆ ಮತ್ತೆ 3, ಅಲ್ಲಿಗೆ ಬಿಡಿ. 425ರ ಲಿಮಿಟ್ ಟೆಸ್ಟ್‌ನಲ್ಲಿ ಒಂದೊಂದಾಗಿ ಕೊಟ್ಟು 5ರೊಳಗೆ ಮುಗಿಯುತ್ತೆ. ವಿಷ ಅಂತ ಅನುಮಾನವಿದ್ದರೆ ಮಾತ್ರ ಕೆಳಗಿನ ಡೋಸ್‌ನಿಂದ ಶುರು. ಎಲ್‌ಡಿ50 (ಅರ್ಧ ಪ್ರಾಣಿ ಸಾಯೋ ಡೋಸ್) ಸಂಖ್ಯೆ ಹುಡುಕುತ್ತಿದ್ದ ಹಳೇ 401 ಅನ್ನು ಒಇಸಿಡಿ 2002ರಲ್ಲೇ ತೆಗೆದುಹಾಕಿದೆ; ಇನ್ನೂ ಕೆಲವು ಥೀಸಿಸ್‌ಗಳಲ್ಲಿ ಅದರ ನೆರಳು ಕಾಣುತ್ತೆ.

ಕೇಜ್‌ಕಾರ್ಡ್
ಅನುಮತಿ ಸಿಕ್ಕಮೇಲೆ ಸಂಖ್ಯೆ ಕಾಯೋದು ಹೇಗೆ ಅನ್ನೋದನ್ನು ಯಾರೂ ಎತ್ತಲಿಲ್ಲ. ಅನುಮತಿ 43 (ಚುಚ್ಚೋಕೆ 33, ನಾರ್ಮಲ್ 4, ಲಿಮಿಟ್ ಟೆಸ್ಟ್‌ಗೆ 6 ಅಂತಿಟ್ಟುಕೊಳ್ಳಿ) ಅಂದರೆ ಖರೀದಿ 50 ಆಗಿರೋ ಕಡತ ಬೇಕಾದಷ್ಟಿವೆ.

ಪ್ರತಿ ಪ್ರಾಜೆಕ್ಟ್‌ಗೆ ಒಂದು ಹಾಳೆ. ಕಾಲಂಗಳು: ದಿನಾಂಕ, ಅನುಮತಿ ಸಂಖ್ಯೆ, ಮಂಜೂರಾದದ್ದು, ಬಂದದ್ದು, ಕ್ವಾರಂಟೈನ್‌ನಲ್ಲಿ ಸತ್ತದ್ದು, ಪ್ರಯೋಗಕ್ಕೆ ಹೋದದ್ದು, ಇಂಡಕ್ಷನ್ ಆಗದೇ ತೆಗೆದದ್ದು, ನಡುವೆ ಸತ್ತದ್ದು (ಕಾರಣ ಸಹಿತ), ಮುಗಿಸಿದ್ದು, ಬಾಕಿ. ಮಂಜೂರಾತಿಯಿಂದ ಕಳೆಯೋದು ಪ್ರಾಣಿ ಬಂದ ದಿನವೇ. "ಬಳಸಿದಾಗ ಕಳೆಯೋಣ" ಅಂದರೆ ಕ್ವಾರಂಟೈನ್ ಸಾವು, ಫೇಲ್ ಆದವು ಯಾವ ಲೆಕ್ಕಕ್ಕೂ ಸೇರಲ್ಲ. ಫಾರ್ಮ್ ಡಿ ರಿಜಿಸ್ಟರ್ (ತಂದ ಪ್ರಾಣಿ, ಮಾಡಿದ ಪ್ರಯೋಗದ ದಾಖಲೆ) ಹೇಗೂ ಕಡ್ಡಾಯ, ಈ ಹಾಳೆ ಅದಕ್ಕೆ ತಾಳೆ ಆಗಬೇಕು.

ಬೀಗ ಇರಬೇಕಾದ್ದು ಇಂಡೆಂಟ್‌ಗೆ. ಬಾಕಿ ಎಷ್ಟು ಅಂತ ಹಾಳೆ ಲಗತ್ತಿಸದ ಇಂಡೆಂಟ್‌ಗೆ ಅನಿಮಲ್ ಹೌಸ್ ಇನ್‌ಚಾರ್ಜ್ ಸಹಿ ಹಾಕಬಾರದು. ತಿಂಗಳಿಗೊಮ್ಮೆ ಪ್ರಾಜೆಕ್ಟ್‌ಗೆ ಸಂಬಂಧವಿಲ್ಲದವರು ಕೇಜ್ ಕೇಜ್ ನೋಡಿ ತಲೆ ಎಣಿಸಬೇಕು. ಮೊದಲಿದ್ದದ್ದು + ಬಂದದ್ದು + ಹುಟ್ಟಿದ್ದು − ಸತ್ತದ್ದು − ಮುಗಿಸಿದ್ದು − ಬೇರೆಡೆ ಹೋದದ್ದು = ಈಗಿರೋದು. ತಾಳೆ ಆಗದಿದ್ದರೆ ಮೊದಲು ನೋಡಬೇಕಾದ್ದು "ಮಿಕ್ಕಿದವು" ಅಂತ ಬರೆದ ಕೇಜ್. ಒಬ್ಬರ ಥೀಸಿಸ್ ಮುಗಿದು ಉಳಿದ ಐದಾರು ರ‍್ಯಾಟ್ ಇನ್ನೊಬ್ಬರ ಪೈಲಟ್‌ಗೆ ಸದ್ದಿಲ್ಲದೆ ಹೋಗಿರುತ್ತೆ. ವರ್ಗಾವಣೆಗೂ ಐಎಇಸಿ ಟಿಪ್ಪಣಿ ಬೇಕು, ಪಡೆದವರ ಬಾಕಿಯಲ್ಲಿ ಕಳೆಯಬೇಕು. ಪೈಲಟ್ ಕೂಡ ಒಟ್ಟು ಸಂಖ್ಯೆಯೊಳಗೇ.

ಇನ್ನೊಂದು: ಮುಖ್ಯ ಪ್ರಯೋಗದ 33 + 4 = 37 ರ‍್ಯಾಟನ್ನು ಒಂದೇ ಸಲ ತರಿಸಬೇಡಿ. ಮೊದಲ ಕಂತು 18 ತಂದು ಇಂಡಕ್ಷನ್ ಎಷ್ಟು ಬಂತು ನೋಡಿ, ಎರಡನೇ ಕಂತಿನ ಸಂಖ್ಯೆ ಆಮೇಲೆ ತೀರ್ಮಾನಿಸಿ.

ಅಂಕಿಸಂಖ್ಯೆ
ಕಂತು ಒಳ್ಳೇದೇ, ಆದರೆ ಪ್ರತಿ ಕಂತಿನಲ್ಲೂ ಎಲ್ಲ ಆರು ಗುಂಪು ಇರಲಿ. ಕಂಟ್ರೋಲ್ ಮೊದಲ ಕಂತಿನಲ್ಲಿ, ಸಾರ ಎರಡನೇ ಕಂತಿನಲ್ಲಿ ಅಂತಾದರೆ ಔಷಧದ ಪರಿಣಾಮವೋ ಕಂತಿನ ಪರಿಣಾಮವೋ ಬೇರ್ಪಡಿಸೋಕೆ ಆಗಲ್ಲ. ವಿಶ್ಲೇಷಣೆಯಲ್ಲಿ ಕಂತನ್ನು ಬ್ಲಾಕ್ ಆಗಿ (ಹೋಲಿಕೆ ಅದೇ ಕಂತಿನೊಳಗೆ ಆಗೋ ಹಾಗೆ) ಹಾಕಿ. ಗ್ಲೂಕೋಸ್ ಸಾಲು ಮಾಡಿ ತುಂಡು ಮಾಡೋದೂ ಕಂತಿನೊಳಗೇ.

ಮೌಸ್‌ರೂಮ್_ಬೆಂಗಳೂರು
ರ‍್ಯಾಟ್ ಖರೀದಿ ಮಾಡೋವ್ರ ಕಷ್ಟ ಇಷ್ಟೇ. ಟ್ರಾನ್ಸ್‌ಜೆನಿಕ್ ಮೌಸ್ ಸಾಕೋ ಕಡೆ ಬಳಸೋದಕ್ಕಿಂತ ಬಳಸದೇ ಹೋಗೋದೇ ಜಾಸ್ತಿ. ಹೆಟ್ × ಹೆಟ್ (ಬದಲಾದ ಜೀನ್ ಒಂದೇ ಪ್ರತಿ ಇರೋವು) ಕೂಡಿಸಿದರೆ ಹೋಮೋಜೈಗಸ್ (ಎರಡೂ ಪ್ರತಿ ಬದಲಾದದ್ದು) ಕಾಲು ಭಾಗ, ಅದರಲ್ಲಿ ಗಂಡು ಮಾತ್ರ ಬೇಕು ಅಂದರೆ ಎಂಟನೇ ಒಂದು. 12 ಬೇಕಿದ್ದರೆ ಸರಾಸರಿ ಲೆಕ್ಕ 96 ಮರಿ, ಆದರೆ ಸರಾಸರಿ ನಂಬಿದರೆ ಹೆಚ್ಚುಕಮ್ಮಿ ಅರ್ಧ ಸಲ ಸಾಲಲ್ಲ. 90% ಖಾತ್ರಿ ಬೇಕಂದರೆ ಸುಮಾರು 130. ಎರಡೂ ಲಿಂಗ ಬಳಸಿದರೆ 64ಕ್ಕೆ ಇಳಿಯುತ್ತೆ. ಹೋಮೋ ಬದುಕಿ ಮರಿ ಹಾಕುತ್ತೆ ಅಂದರೆ ಹೋಮೋ × ಹೆಟ್, ಆಗ ಎರಡೂ ಲಿಂಗ ಬಳಸಿ 30 ಸಾಕು. ಆದರೆ ಕಂಟ್ರೋಲ್ ಆಗಿ ಸಿಗೋದು ಹೆಟ್ ಒಡಹುಟ್ಟುಗಳು, ವೈಲ್ಡ್ ಟೈಪ್ (ಜೀನ್ ಬದಲಾಗದ್ದು) ಅಲ್ಲ. ಹೆಟ್‌ನಲ್ಲಿ ಯಾವ ಲಕ್ಷಣವೂ ಇಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಈ ದಾರಿ. ಲಿಟರ್‌ಗೆ (ಒಂದು ಹೆರಿಗೆಗೆ) 6 ಮರಿಯಂತೆ ಈ ಮೂರು ದಾರಿಗೆ ಕ್ರಮವಾಗಿ 22 ಲಿಟರ್, 11 ಲಿಟರ್, 5 ಲಿಟರ್. "ಗಂಡೇ ಬೇಕು" ಅನ್ನೋ ಒಂದು ಸಾಲು ಫಾರ್ಮ್‌ನಲ್ಲಿ ಎಷ್ಟು ಮರಿ ತಿನ್ನುತ್ತೆ ನೋಡಿ.

ಕಿವಿ ಪಂಚ್ ಮಾಡಿದ ಚೂರನ್ನೇ ಜೀನೋಟೈಪಿಂಗ್‌ಗೆ ಕಳಿಸಿ, ಗುರುತೂ ಅದೇ. 21 ದಿನಕ್ಕೆ ತಾಯಿಯಿಂದ ಬೇರ್ಪಡಿಸುವ ಹೊತ್ತಿಗೆ ಫಲಿತಾಂಶ ಕೈಯಲ್ಲಿರಲಿ. ಹೆತ್ತ ಕೂಡಲೇ ತಾಯಿ ಮತ್ತೆ ಕೂಡುತ್ತೆ, ಮೂರು ವಾರಕ್ಕೆ ಮುಂದಿನ ಲಿಟರ್. ಬೇರ್ಪಡಿಸೋದು ತಡವಾದರೆ ಕೇಜ್ ಕಿಕ್ಕಿರಿದು ಹೊಸ ಮರಿ ತುಳಿತಕ್ಕೆ ಸಾಯುತ್ತೆ, ಆರು ವಾರ ದಾಟಿದರೆ ಅಣ್ಣ ತಂಗಿಯರೇ ಮರಿ ಹಾಕೋಕೆ ಶುರು. ಪ್ರಯೋಗವಿಲ್ಲದ ಲೈನ್ ಅನ್ನು "ಮುಂದೆ ಬೇಕಾಗಬಹುದು" ಅಂತ ಉಸಿರಾಡಿಸಿಕೊಂಡು ಇಡಬೇಡಿ, ವೀರ್ಯ ಫ್ರೀಜ್ ಮಾಡಿಸಿ ಕೇಜ್ ಮುಚ್ಚಿ. ಬೆಂಗಳೂರಿನ ಎನ್‌ಸಿಬಿಎಸ್ (ಜೀವವಿಜ್ಞಾನ ಸಂಶೋಧನಾ ಸಂಸ್ಥೆ) ಕ್ಯಾಂಪಸ್‌ನ ಮೌಸ್ ಜೀನೋಮ್ ಎಂಜಿನಿಯರಿಂಗ್ ಫೆಸಿಲಿಟಿಯಂಥ ಕಡೆ ವಿಚಾರಿಸಿ. ಮರಿ ಎಣಿಸೋದು ಹುಟ್ಟಿದ ದಿನವೋ ಬೇರ್ಪಡಿಸಿದ ದಿನವೋ ಅನ್ನೋದನ್ನು ಐಎಇಸಿ ಬರಹದಲ್ಲಿ ತೀರ್ಮಾನಿಸಿರಲಿ. ಇಲ್ಲದಿದ್ದರೆ ಎರಡು ಲ್ಯಾಬ್‌ನ ಸಂಖ್ಯೆ ಹೋಲಿಸೋಕೇ ಬರಲ್ಲ.

ಟೆಕ್ಸಾಸ್_ಕನ್ನಡಿಗ
ಇಲ್ಲಿ ಆರ್ಡರ್ ಹಾಕಿದಾಗಲೇ ಸಾಫ್ಟ್‌ವೇರ್ ಪ್ರೋಟೋಕಾಲ್‌ನ ಬಾಕಿಯಿಂದ ಕಳೆಯೋ ವ್ಯವಸ್ಥೆ ಅನೇಕ ಯೂನಿವರ್ಸಿಟಿಗಳಲ್ಲಿದೆ, ಬಾಕಿ ಇಲ್ಲದಿದ್ದರೆ ಆರ್ಡರ್ ಹೋಗಲ್ಲ. ಕೇಜ್‌ಕಾರ್ಡ್ ಅವರ ಇಂಡೆಂಟ್ ಬೀಗವೇ ಇದು. ಆದರೆ ಅಮೆರಿಕದ್ದು ಮಾದರಿ ಅಂದುಕೊಳ್ಳಬೇಡಿ: ಸಂಶೋಧನೆಗೆಂದು ಸಾಕಿದ ರ‍್ಯಾಟ್, ಮೌಸ್ 'ಅನಿಮಲ್ ವೆಲ್‌ಫೇರ್ ಆ್ಯಕ್ಟ್' ವ್ಯಾಪ್ತಿಗೇ ಬರಲ್ಲ, ಹಾಗಾಗಿ ರಾಷ್ಟ್ರದ ವಾರ್ಷಿಕ ಎಣಿಕೆಯಲ್ಲಿ ಅವು ಇಲ್ಲ. ಭಾರತದ 1998ರ ಪ್ರಾಣಿ ಪ್ರಯೋಗ ನಿಯಮಗಳಲ್ಲಿ ಅವೂ ಸೇರಿವೆ.

ಮಲೆನಾಡ_ಫಾರ್ಮಕಾಲಜಿ
ಒಂದು ಅನುಮಾನ. ಚಿಕಿತ್ಸೆ ಮುಗಿದ ನಾರ್ಮಲ್ ಕಂಟ್ರೋಲ್ 4 ರ‍್ಯಾಟ್‌ಗೆ ಏನೂ ಆಗಿಲ್ಲ. ಗವಾಜ್ ಕಲಿಯೋ ಹುಡುಗರಿಗೆ ಕೊಟ್ಟರೆ ಹೊಸ ಪ್ರಾಣಿ ಉಳಿಯುತ್ತಲ್ಲ?

ದನಡಾಕ್ಟ್ರು
ಕೈ ಪಳಗಿಸೋಕೆ ಅಂತಲೇ ಪ್ರಾಣಿ ಮೇಲೆ ಪ್ರಯೋಗ ಮಾಡಬಾರದು ಅನ್ನೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಇದೆ. ಮರುಬಳಕೆಯಿಂದ ಸಂಖ್ಯೆ ಇಳಿಯುತ್ತೆ, ಆ ನಾಲ್ಕರ ಪಾಡು ಏರುತ್ತೆ. ಐಎಇಸಿ ಅದನ್ನು ಪ್ರತ್ಯೇಕವಾಗಿ ನೋಡಬೇಕು. ಗವಾಜ್‌ನ ಮೊದಲ ಪಾಠ ರಬ್ಬರ್ ಮಾಡೆಲ್ ಮೇಲೆ. ನಂತರ ಬೇರೆ ಪ್ರಯೋಗದಲ್ಲಿ ಈಗಾಗಲೇ ಮುಗಿಸಿದ ರ‍್ಯಾಟ್‌ನ ದೇಹದಲ್ಲಿ ಬಣ್ಣದ ನೀರು ಹಾಕಿ, ಹೊಟ್ಟೆ ತೆರೆದು ಜಠರಕ್ಕೆ ಹೋಯ್ತಾ ಶ್ವಾಸಕೋಶಕ್ಕೆ ಹೋಯ್ತಾ ನೋಡಲಿ. ತುದಿ ಗುಂಡಗಿರೋ ಸೂಜಿ, ಪ್ರಮಾಣ 10 ಮಿಲಿ/ಕೆಜಿ ಮೀರದ ಹಾಗೆ. 28 ದಿನ ಗವಾಜ್ ಮಾಡೋವಾಗ ನಡುವೆ ಸಾಯೋ ರ‍್ಯಾಟ್‌ಗಳಿಗೆ ಎಷ್ಟೋ ಸಲ ಮಧುಮೇಹ ಕಾರಣವಲ್ಲ, ಶ್ವಾಸನಾಳಕ್ಕೆ ಹೋದ ಸಾರ ಕಾರಣ. ಸತ್ತದ್ದನ್ನೆಲ್ಲ ಕೊಯ್ದು ನೋಡಿ, ಕಾರಣದ ಕಾಲಂ ಖಾಲಿ ಬಿಡಬೇಡಿ.

ಪದವಿ ತರಗತಿಗೆ ಪುದುಚೇರಿಯ ಜಿಪ್‌ಮರ್ ವೈದ್ಯಕೀಯ ಸಂಸ್ಥೆಯಲ್ಲಿ ಮಾಡಿದ ಎಕ್ಸ್‌ಫಾರ್ಮ್ ಸಾಫ್ಟ್‌ವೇರ್ ಇದೆ, ಬಿಫಾರ್ಮ್ ಪಠ್ಯಕ್ರಮವೇ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್, ವಿಡಿಯೊದಲ್ಲಿ ತೋರಿಸಿ ಅನ್ನುತ್ತೆ.

ಎಂಫಾರ್ಮ್_ಸೆಕೆಂಡ್‌ಇಯರ್
ಎಲ್ಲರಿಗೂ ಧನ್ಯವಾದ. ತಿದ್ದಿದ ಲೆಕ್ಕ: ವಿಶ್ಲೇಷಣೆಗೆ 32 (ನಾರ್ಮಲ್ 4, ಡಯಾಬಿಟಿಕ್ ಕಂಟ್ರೋಲ್ 8, ಉಳಿದ ನಾಲ್ಕು ಗುಂಪು 5ರಂತೆ 20). ಇಂಡಕ್ಷನ್‌ಗೆ 33, ನಾರ್ಮಲ್ 4, ಲಿಮಿಟ್ ಟೆಸ್ಟ್ 6. ಒಟ್ಟು 43, ಎರಡು ಕಂತು. ಇಂಡಕ್ಷನ್ ಆಗದವನ್ನು ನಾರ್ಮಲ್ ಕಂಟ್ರೋಲ್‌ಗೆ ಸೇರಿಸಬಹುದಾ?

ದನಡಾಕ್ಟ್ರು
ಬೇಡ. ಎಸ್‌ಟಿಜಡ್ ಹೋದ ರ‍್ಯಾಟ್ ನಾರ್ಮಲ್ ಅಲ್ಲ, ಅರ್ಧ ಬೀಟಾ ಕೋಶ ಹೋಗಿಯೂ ಗ್ಲೂಕೋಸ್ 140 ತೋರಿಸಬಹುದು. ಅವನ್ನು ಮೂರನೇ ದಿನವೇ ತೆಗೆದು ಕಾಲಂನಲ್ಲಿ ಬರೆಯಿರಿ. ನಾರ್ಮಲ್ 4ಕ್ಕೆ ಎಸ್‌ಟಿಜಡ್ ಬದಲು ಬರೀ ಸಿಟ್ರೇಟ್ ಬಫರ್ ಚುಚ್ಚೋದನ್ನು ಫಾರ್ಮ್‌ನಲ್ಲಿ ಬರೆದಿದ್ದೀರಾ ನೋಡಿ.

ಕೇಜ್‌ಕಾರ್ಡ್
ಲಿಮಿಟ್ ಟೆಸ್ಟ್‌ಗೆ ಬೇಕಾದ್ದು ಹೆಣ್ಣು, ಉಳಿದದ್ದು ಗಂಡು. 43 ಅಂತ ಒಂದೇ ಸಾಲು ಬರೆಯದೆ 37 ಗಂಡು, 6 ಹೆಣ್ಣು ಅಂತ ಬೇರೆ ಬೇರೆ ಸಾಲಿನಲ್ಲಿ, ತೂಕದ ಶ್ರೇಣಿ ಸಮೇತ ಬರೆಯಿರಿ. ಹೆಣ್ಣಿಗೆ ಗರ್ಭವಿರಬಾರದು, ಇನ್ನೂ ಮರಿ ಹಾಕಿರಬಾರದು ಅನ್ನೋದೂ ಇಂಡೆಂಟ್‌ನಲ್ಲಿರಲಿ, ಇಲ್ಲದಿದ್ದರೆ ಬಂದ 6 ಕ್ವಾರಂಟೈನ್‌ನಲ್ಲೇ 30 ಆದೀತು.